ನೀಲಿ ಕಿಟಕಿ

"ಎರಡು ವರ್ಷ ಇದೇ ನಗರದಲ್ಲಿ ಓದಿದವರು, ಒಂದು ಸಲವೂ ಈ ಗುಡ್ಡ ಹತ್ತಲಿಲ್ವಾ?" ಹೆಂಡತಿ ಕೇಳಿದಳು.

"ಓದೋಕೆ ಬಂದವನಿಗೆ ಪುರುಸೊತ್ತೆಲ್ಲಿತ್ತು? ನಾನೂ ಇವತ್ತೇ ನೋಡ್ತಿರೋದು," ಎಂದ ಗಂಡ.

ಗುಡ್ಡದ ನೆತ್ತಿಯ ಹಳೇ ಬೀದಿಯಲ್ಲಿ ಹಿಂದೆ ಮನೆಗೊಬ್ಬ ಚಿತ್ರಕಾರ ಇದ್ದನಂತೆ. ಗಂಡ ಒಂದೊಂದು ಮನೆ ಮುಂದೆಯೂ ನಿಂತು ಫೋಟೊ ತೆಗೆದ, ನೀಲಿ ಕಿಟಕಿಯದೊಂದನ್ನು ಬಿಟ್ಟು.

ಬೀದಿಯ ಕೊನೆಯಲ್ಲಿ ಕೂತಿದ್ದ ಚಿತ್ರಕಾರನೊಬ್ಬ ಅವಳನ್ನೇ ನೋಡಿ, ಕುರ್ಚಿ ಎಳೆದು, ಕೂರುವಂತೆ ಸನ್ನೆ ಮಾಡಿದ. ಗಂಡ ಅವಳ ರಟ್ಟೆ ಹಿಡಿದು ವಾಪಸ್ ಎಳೆದುಕೊಂಡು ಬಂದ.

"ಅವನು ಹೇಗೆ ನೋಡ್ತಿದ್ದ, ಕಂಡೆಯಾ?"

"ನೋಡದೆ ಚಿತ್ರ ಹೇಗೆ ಬಿಡಿಸ್ತಾನೆ?" ಅವಳು ನಕ್ಕಳು. "ನನಗೇನು ಇದು ಹೊಸದಲ್ಲ ಬಿಡಿ. ಮದುವೆಗೆ ಮುಂಚೆ ಗೆಳತಿಯರ ಜೊತೆ ಈ ಊರಿಗೆ ಬಂದಿದ್ದೆನಲ್ಲ, ಆಗ ಒಬ್ಬ ನನ್ನ ಚಿತ್ರ ಬಿಡಿಸಿದ್ದ. ಅವನ ಮನೇಲೇ."

ಅವನು ನಿಂತುಬಿಟ್ಟ. "ಇಷ್ಟು ವರ್ಷ ಬಾಯೇ ಬಿಡಲಿಲ್ಲ?"

"ನೀವು ಕೇಳಲಿಲ್ಲ."

"ಯಾವ ಮನೆ?"

ಅವಳು ಅತ್ತಿತ್ತ ಕಣ್ಣಾಡಿಸಿ, ನೀಲಿ ಕಿಟಕಿಯ ಮನೆಯತ್ತ ಬೆರಳು ಮಾಡಿದಳು. "ಅದೇ, ಮಹಡಿ ಮೇಲೆ. ಆ ಕಿಟಕಿ ಹತ್ತಿರ ಕೂರಿಸಿಕೊಂಡು ಸಂಜೆವರೆಗೂ ಬಿಡಿಸಿದ. ಒಬ್ಬನೇ ಇದ್ದ, ಪಾಪ."

ಅವನ ಮೈಯೆಲ್ಲ ಉರಿದುಹೋಯಿತು. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವಂತೆ ಕೂಗಿದ:

"ಸುಳ್ಳು ಹೇಳಬೇಡ! ಆ ಮಹಡಿ ಹತ್ತುತ್ತಿದ್ದ ಗಂಡಸು ಅಂದ್ರೆ ನಾನೊಬ್ಬನೇ ಕಣೇ!"