ಬೇಕರಿಯವನ ಪೆಟ್ಟಿಗೆ

"ಕರ್ತನೇ, ಇವತ್ತಾದರೂ ನಮ್ಮ ಮಾವನ ಕೈಗೆ ಒಂದು ಕೆಲಸ ಕೊಡಪ್ಪಾ" ಎಂದು ಸೊಸೆ ಬೆಳಗಿನ ಗಂಜಿಯ ಮುಂದೆ ಕಣ್ಣು ಮುಚ್ಚಿ ಬೇಡುತ್ತಿದ್ದಳು. ಆಮೆನ್ ಅನ್ನುವ ಮೊದಲೇ ಮಾವ ಚಮಚದಿಂದ ಮೇಜು ತಟ್ಟಿದರು.

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳು ಮಗಳೇ."

"ಯಾಕೆ ಮಾವ? ಡಬ್ಬದಲ್ಲಿ ನಾಳೆಗೆ ಅಕ್ಕಿ ಇಲ್ಲ."

"ನಾನು ಏನು ಮಾಡಿ ಬದುಕ್ತೀನಿ ಅನ್ನೋದು ಮರೆತುಹೋಯ್ತಾ?"

ಸೊಸೆ ನಾಲಿಗೆ ಕಚ್ಚಿಕೊಂಡಳು. ಮಾವ ಶವಪೆಟ್ಟಿಗೆ ಮಾಡುವ ಬಡಗಿ. ಅವಳು ಈ ಮನೆಗೆ ಬಂದು ಎರಡೇ ತಿಂಗಳು. ಕೆಲಸವಿಲ್ಲದ ದಿನ ಮನೆಯಲ್ಲಿ ಗಂಜಿ. ಆ ದಿನ ಮಾವ ಎದ್ದು ನಿಂತು, ಬೀದಿಯಲ್ಲಿ ಕೆಮ್ಮುವವರು, ಏದುಸಿರು ಬಿಡುವವರು, ಕೋಲೂರಿ ನಡೆಯುವವರು ಎಲ್ಲರನ್ನೂ ಒಬ್ಬೊಬ್ಬರಾಗಿ ನೆನೆದು, ಇವರನ್ನೆಲ್ಲ ಇನ್ನೊಂದು ದಿನ ಉಳಿಸಿದೆಯಲ್ಲ ತಂದೆಯೇ, ಸ್ತೋತ್ರ ಎನ್ನುತ್ತಿದ್ದರು. ಅಷ್ಟರಲ್ಲಿ ಗಂಜಿಯ ಮೇಲೆ ಕೆನೆ ಕಟ್ಟಿರುತ್ತಿತ್ತು. ಪೆಟ್ಟಿಗೆ ಮಾರಿದ ದಿನ ಕೋಳಿ. ಆ ದಿನ ತಲೆ ತಗ್ಗಿಸಿ ಒಂದು ಆಮೆನ್, ಅಷ್ಟೇ. ಆ ಮನೆಯಲ್ಲಿ ಗಂಜಿ ಯಾವಾಗಲೂ ತಣ್ಣಗೆ, ಕೋಳಿ ಯಾವಾಗಲೂ ಬಿಸಿ. ಇದೆಂಥ ತಲೆಕೆಳಗಾದ ಭಕ್ತಿ ಎಂದು ಗಂಡನನ್ನು ಕೇಳಿದರೆ, "ಅಪ್ಪ ಹಾಗೇ" ಎಂದು ನಕ್ಕು ಉಳಿ ಮಸೆಯಲು ಹೋಗಿದ್ದ. ಕಾರಣ ಅವಳಿಗೆ ಈಗ ಹೊಳೆಯಿತು.

ಬಟ್ಟಲು ತೊಳೆದಿಡುವುದರೊಳಗೆ ಮೂಲೆಯಂಗಡಿಯ ಬೇಕರಿಯವನ ಅಣ್ಣ ಬಾಗಿಲಲ್ಲಿ ನಿಂತಿದ್ದ. "ಡಾಕ್ಟರು ಕೈಚೆಲ್ಲಿದ್ರು. ನಾಳೆ ಬೆಳಗು ಕಾಣೋದು ಕಷ್ಟವಂತೆ. ಉದ್ದ ಆರಡಿ ಇರಲಿ. ಅಗಲ ಮಾತ್ರ ಸ್ವಲ್ಪ ಧಾರಾಳ. ತಮ್ಮನ ಮೈ ನಿಮಗೆ ಗೊತ್ತಲ್ಲ."

ಸೊಸೆಯ ಕೈಯಿಂದ ಬಟ್ಟಲು ಜಾರಿತು. ಹೋದ ತಿಂಗಳಷ್ಟೇ ಆ ಬೇಕರಿಯವನು "ಹೊಸ ಸೊಸೆಗೆ ಕೊಸರು" ಎಂದು ಒಂದು ಬನ್ನು ಹೆಚ್ಚಿಗೆ ಹಾಕಿ ಕೊಟ್ಟಿದ್ದ. ಒಳಗೆ ಓಡಿ ಒಲೆಯ ಮುಂದೆ ಮೊಣಕಾಲೂರಿದಳು. "ಕರ್ತನೇ, ಬೆಳಿಗ್ಗೆ ನಾನಂದದ್ದನ್ನ ಕಿವಿಗೆ ಹಾಕ್ಕೋಬೇಡ. ವಾಪಸ್ ತಗೊಂಡೆ. ನಮಗೆ ಗಂಜಿ ಸಾಕು. ಬರೀ ತಿಳಿಯಾದ್ರೂ ಸಾಕು."

ಮಾವ ಬಾಗಿಲಿಗೆ ಬಂದು ನಿಂತಿದ್ದರು. "ಏನಮ್ಮ, ಅವನು ನಿನ್ನ ಕೇಳಿಕೊಂಡು ಲೋಕ ನಡೆಸ್ತಾನಾ? ತವರಲ್ಲಿ ನೀನು ನಿಲ್ಲು ಅಂದ್ರೆ ಮಳೆ ನಿಲ್ತಿತ್ತೋ?"

ಸೊಸೆ ಕಣ್ಣೊರೆಸಿಕೊಂಡಳು.

"ಆದ್ರೂ ಹೇಳ್ತಾ ಇರು" ಎಂದರು ಮಾವ ಮೆಲ್ಲಗೆ. "ನಿಲ್ಲಿಸಬೇಡ."

ಒಂದೇ ದಿನದಲ್ಲಿ ಪೆಟ್ಟಿಗೆ ಮುಗಿಸುವ ಮನುಷ್ಯ, ಈ ಸಲ ಮುಚ್ಚಳವೊಂದಕ್ಕೇ ಮೂರು ದಿನ ಹಿಡಿದರು. ಉಜ್ಜಿದ್ದನ್ನೇ ಉಜ್ಜಿದರು, ಹೊಡೆದ ಮೊಳೆ ಕಿತ್ತು ಮತ್ತೆ ಹೊಡೆದರು. ಅಣ್ಣ ದಿನಾ ಬಂದು ಆಯಿತೇ ಎಂದು ಕೇಳುವನು. "ಅರ್ಜೆಂಟ್ ಯಾರಿಗೆ, ನಿಮಗೋ ನಿಮ್ಮ ತಮ್ಮನಿಗೋ?" ಎಂದು ಮಾವ ಸಾಗಹಾಕುವರು. ಅಕ್ಕಿ ಪಕ್ಕದ ಮನೆಯಿಂದ ಬಂತು. ಸೊಸೆ ಹೇಳುವುದನ್ನು ನಿಲ್ಲಿಸಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಬಾಗಿಲಿಗೆ ನೆರಳು ಬಿತ್ತು. ಬೇಕರಿಯವನೇ. ಕೈಯಲ್ಲಿ ಕೋಲು, ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಜೋತಾಡುತ್ತಿತ್ತು.

"ಬಡಗಿಯಣ್ಣ, ನನ್ನ ಪೆಟ್ಟಿಗೆ ಎಲ್ಲಿ?"

ಮಾವ ಅಲ್ಲೇ ಹಲಗೆಯ ಮೇಲೆ ಕೂತು ಅವನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೀಗ ಇದು ಸಡಿಲ ಆಗುತ್ತಲ್ಲೋ ಮಾರಾಯ."

"ಅಳತೆ ಕೊಟ್ಟ ಮೇಲೆ ಬೇಡ ಅನ್ನೋಕಾಗುತ್ತಾ? ಒಳಗೆ ನಾಲ್ಕು ಅಡ್ಡಹಲಗೆ ಹೊಡಿ, ಬ್ರೆಡ್ ಜೋಡಿಸ್ತೀನಿ. ಆರು ಹಿಡಿಕೆನೂ ಇರಲಿ. ನನ್ನ ಹೊರೋಕೆ ಅಂತ ಬಂದ ಆರು ಜನ ನೆಂಟರು ಮನೇಲಿ ಸುಮ್ಮನೆ ಕೂತು ತಿಂತಾ ಇದ್ದಾರೆ."

ಮಧ್ಯಾಹ್ನ ಆರು ಜನ ನೆಂಟರು ಪೆಟ್ಟಿಗೆ ಎತ್ತಿಕೊಂಡು ಬೀದಿಯಲ್ಲಿ ಹೊರಟರು. ಎದುರಾದವರೆಲ್ಲ ಟೋಪಿ ತೆಗೆದು ತಲೆ ಬಾಗಿಸಿದರು. "ತಲೆ ಎತ್ತಿ, ತಲೆ ಎತ್ತಿ, ನಾನು ಹಿಂದೆ ಬರ್ತಾ ಇದೀನಿ" ಎನ್ನುತ್ತ ಬೇಕರಿಯವನು ಕೋಲೂರಿಕೊಂಡು ತನ್ನ ಪೆಟ್ಟಿಗೆಯ ಬೆನ್ನಿಗೆ ತಾನೇ ನಡೆದ.

ಸಂಜೆ ಸೊಸೆ ಕೋಳಿ ಬಡಿಸಿ, ಮಾವನ ಒಂದು ಆಮೆನ್‌ಗಾಗಿ ತಲೆ ತಗ್ಗಿಸಿ ಕಾದಳು. ಕುರ್ಚಿ ಹಿಂದೆ ಸರಿದ ಸದ್ದಾಯಿತು. ಮಾವ ಎದ್ದು ನಿಂತಿದ್ದರು. ಬೇಕರಿಯವನಿಂದ ಶುರು ಮಾಡಿ, ಹಲಗೆ, ಮೊಳೆ, ಹಿಡಿಕೆ ಹಿಡಿದ ಆರು ಜನ, ಅಕ್ಕಿ ಕೊಟ್ಟ ಪಕ್ಕದ ಮನೆ, ಬಾಯಿ ಮುಚ್ಚದ ಸೊಸೆ ಎಂದು ಒಂದೊಂದಕ್ಕೂ ಸ್ತೋತ್ರ ಹೇಳುತ್ತ, ಆಮೇಲೆ ಬೀದಿಯ ಕೆಮ್ಮುವವರ ಕಡೆ ಹೊರಳಿದರು. ಸೊಸೆ ಒಂದು ಕಣ್ಣು ತೆರೆದು ತಟ್ಟೆಯ ಹಬೆ ನೋಡಿದಳು, ಮತ್ತೆ ಮುಚ್ಚಿಕೊಂಡಳು.

ಅವಳು ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಕೋಳಿ ತಣ್ಣಗಾದದ್ದು ಅದೇ ಮೊದಲು.