ಎದುರಾಳಿಗೆ ಒಂದು ಮತ

ಸುಲ್ಮಾ ಬೆರಳು ಮಡಚಿ ಎಣಿಸುತ್ತಿದ್ದಳು. ನಾಲ್ಕನೆಯ ಬೆರಳಿಗೆ ಬರುವಷ್ಟರಲ್ಲಿ ಗಂಡ ಎಲಿಹಿಯೊ ಊಟದ ಮೇಜು ಕುಟ್ಟಿದ.

"ಎಣಿಸೋದೇನು ಬಂತು? ಅವನೇ ಬರ್ಕೊಂಡಿದ್ದಾನೆ, ತನ್ನ ಹೆಸರು ತಾನೇ."

ಅವನು ಎಂದರೆ ರೊಸೆಂದೊ. ಪರಾನಾ ನದಿ ದಡದ ಪಶುವೈದ್ಯ ಕಾಲೇಜಿಗೆ ಶುಕ್ರವಾರವಷ್ಟೇ ಡೀನ್ ಆಗಿ ಗೆದ್ದವನು. ಸೋತವಳು ಸುಲ್ಮಾ. ಏಳು ಮತ, ಆರು ಮತ.

ಮತ ಹಾಕುವವರು ಹದಿಮೂರೇ ಅಧ್ಯಾಪಕರು. ಸುಲ್ಮಾ, ಎಲಿಹಿಯೊ ಸೇರಿ ಆರು ಜನ ಇತ್ತ, ರೊಸೆಂದೊ ಸೇರಿ ಆರು ಜನ ಅತ್ತ, ನಡುವೆ ಗುಟ್ಟು ಬಿಟ್ಟುಕೊಡದ ಮುದುಕ ದೋನ್ ಕ್ರಿಸ್ಪಿನ್. ಆ ಕಾಲೇಜಿನಲ್ಲಿ ಒಂದು ರೂಢಿ ಇತ್ತು. ಸ್ಪರ್ಧೆಗೆ ನಿಂತವರು ತಮ್ಮ ಚೀಟಿಯಲ್ಲಿ ಎದುರಾಳಿಯ ಹೆಸರು ಬರೆಯಬೇಕು. ಯಾವ ನಿಯಮದ ಪುಸ್ತಕದಲ್ಲೂ ಇಲ್ಲ, ಆದರೆ ಮೂವತ್ತು ವರ್ಷಗಳಿಂದ ಯಾರೂ ಮುರಿದಿಲ್ಲ. ಇವಳ ಮತ ಅವನಿಗೆ, ಅವನ ಮತ ಇವಳಿಗೆ, ಅಲ್ಲಿಗೆ ಸಮ. ಹಾಗಾಗಿ ಕ್ರಿಸ್ಪಿನ್ ಯಾರ ಕಡೆಯೋ ಅವರೇ ಡೀನ್.

ಶನಿವಾರ ಬೆಳಿಗ್ಗೆ ಮುದುಕ ಕ್ಯಾಂಟೀನಿನಲ್ಲಿ ಚಿಪಾ ರೊಟ್ಟಿ ಅಗಿಯುತ್ತಾ, ತಾನು ಮತ ಹಾಕಿದ್ದು ಸುಲ್ಮಾಳಿಗೆ ಅಂದುಬಿಟ್ಟ. ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತವು. ಹಾಗಾದರೆ ಏಳು ಮತ ಅವಳಿಗಲ್ಲವೇ ಬರಬೇಕಿದ್ದದ್ದು? ಚೀಟಿ ತೆಗೆದು ನೋಡೋಣವೆಂದರೆ, ಎಣಿಕೆ ಮುಗಿದೊಡನೆ ಸುಟ್ಟುಬಿಡುವುದೂ ಅಲ್ಲಿನ ರೂಢಿಯೇ.

ಭಾನುವಾರವಿಡೀ ಎಲಿಹಿಯೊ ಮನೆ ಮನೆ ಸುತ್ತಿದ. ಹೋದಲ್ಲೆಲ್ಲ ತಣ್ಣನೆಯ ತೆರೆರೆ ಹೀರಿದ, ಹೋದಲ್ಲೆಲ್ಲ ಅದೇ ಮಾತು. ಮಂತ್ರಿಯ ಫೋನಿಗೆ ಸೀಟು ಕೊಡಲ್ಲ, ನಕಲು ಹೊಡೆದವರನ್ನು ಬಿಡಲ್ಲ ಎಂದು ಭಾಷಣ ಮಾಡಿದವನು ಮಾಡಿದ ಕೆಲಸ ನೋಡಿ! ಹೆಂಡತಿಗಾಗಿ ಇಷ್ಟು ಓಡಾಡುವ ಗಂಡನನ್ನು ಕಂಡು ಹೆಂಗಸರು ತಮ್ಮ ಗಂಡಂದಿರ ಕಡೆ ಒಂದು ನೋಟ ಬೀರಿದರು. ಪಾಪ, ಅವನಿಗೇನು ಅವಳು ಗೆಲ್ಲಲೇಬೇಕು ಅಂತಿರಲಿಲ್ಲ. ಸೋತರೆ ಇಬ್ಬರೂ ಒಂದು ವರ್ಷ ರಜೆ ಹಾಕಿ ಸರೋವರದ ದಡದ ಮನೆಗೆ ಹೋಗಿಬಿಡೋಣ ಎಂದು ಸುಲ್ಮಾಳೇ ಮಾತು ಕೊಟ್ಟಿದ್ದಳು. ಹನ್ನೊಂದು ವರ್ಷ ವಿಭಾಗದ ಮುಖ್ಯಸ್ಥೆಯಾಗಿ ಒಂದು ಭಾನುವಾರವೂ ಮನೆಯಲ್ಲಿ ನಿಲ್ಲದವಳು. ಅಂಥ ಆಸೆಯನ್ನೂ ಬದಿಗಿಟ್ಟು ನ್ಯಾಯ ಕೇಳಲು ಹೊರಟಿದ್ದಾನಲ್ಲ, ಎಂದು ಊರು ಮೆಚ್ಚಿತು.

ಸೋಮವಾರ ಹದಿಮೂರೂ ಜನ ಸೇರಿದರು. ಎಲಿಹಿಯೊ ಎದ್ದು ನೇರವಾಗಿ ಕೇಳಿದ.

"ನೀವು ಯಾರ ಹೆಸರು ಬರೆದ್ರಿ, ದೋನ್ ರೊಸೆಂದೊ?"

"ಸುಲ್ಮಾ ಅವರ ಹೆಸರು."

"ಹಾಗಾದ್ರೆ ನಮ್ಮ ಮತ ಎಲ್ಲಿ, ಹಸು ಮೇಯ್ತಾ?"

ಯಾರೋ ಕಿಸಕ್ಕೆಂದರು. ರೊಸೆಂದೊ ನಗಲಿಲ್ಲ. ತನ್ನ ಮಾತಿಗೆ ಸಾಕ್ಷಿ ಇಲ್ಲ ಎಂದು ಒಪ್ಪಿಕೊಂಡ. ಇಂಥ ಅನುಮಾನ ಹೊತ್ತುಕೊಂಡು ಹುಡುಗರಿಗೆ ನಕಲು ಮಾಡಬೇಡಿ ಎಂದು ಯಾವ ಮುಖದಲ್ಲಿ ಹೇಳಲಿ, ಕುರ್ಚಿ ಬಿಟ್ಟುಬಿಡುತ್ತೇನೆ ಎಂದ.

ಎಲಿಹಿಯೊ ಗಡಬಡಿಸಿದ. "ಅಯ್ಯೋ, ಕುರ್ಚಿ ಬಿಡೋದೆಲ್ಲ ಯಾಕೆ? ತಪ್ಪಾಯ್ತು ಅಂದ್ರೆ ಸಾಕು. ಡೀನ್ ನೀವೇ ಇರಿ, ನಾವೇನು ಅಷ್ಟು ಸಣ್ಣವರಾ?"

ಎಷ್ಟು ದೊಡ್ಡ ಮನಸ್ಸು ಎಂದು ಕೋಣೆಯಲ್ಲಿ ಗುಜುಗುಜು ಎದ್ದಿತು. ರೊಸೆಂದೊ ಮಾತ್ರ ಅವನನ್ನೇ ನೋಡಿದ. ಹಸುವಿನ ಹೊಟ್ಟೆಗೆ ಕಿವಿಯಿಟ್ಟು ಕೇಳುವಾಗ ಅವನ ಮುಖ ಹೀಗೇ ಇರುತ್ತಿತ್ತು. ಅಷ್ಟರಲ್ಲಿ ಸುಲ್ಮಾ, ಒಂದು ನಿಮಿಷ, ನಮ್ಮ ಕಡೆಯವರನ್ನೂ ಒಬ್ಬೊಬ್ಬರಾಗಿ ಕೇಳಿಬಿಡೋಣ ಎಂದಳು.

"ಬೇಡ ಮೇಡಂ," ರೊಸೆಂದೊ ತಡೆದ. "ಯಾರನ್ನೂ ಕೇಳೋದು ಬೇಡ. ಕೆದಕಿದ್ರೆ ಯಾರಿಗೂ ಒಳ್ಳೇದಾಗಲ್ಲ. ನನ್ನಿಂದ ಆಗಿದ್ದು ಅಂತಲೇ ಬರ್ಕೊಳ್ಳಿ."

ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು. ತಪ್ಪೊಪ್ಪಿಗೆ ಅಲ್ಲದೆ ಇನ್ನೇನು? ಅವನ ಕಡೆಯ ಐವರೂ ತಲೆ ತಗ್ಗಿಸಿದರು. ರಾಜೀನಾಮೆಗೆ ಸಹಿ ಬಿತ್ತು. ನಾಲ್ಕು ವರ್ಷಕ್ಕೆ ಡೀನ್ ಸುಲ್ಮಾ ಎಂದು ಕಾರ್ಯದರ್ಶಿ ಓದಿದಳು. ಸುಲ್ಮಾ ಅಲ್ಲೇ ಕಡತಗಳ ರಾಶಿ ಎಳೆದುಕೊಂಡಳು. ರಾತ್ರಿ ಊಟಕ್ಕೆ ಕಾಯಬೇಡ ಎಂದು ಗಂಡನಿಗೆ ಹೇಳಿದಳು.

ಕಾಲೇಜಿನ ಮೆಟ್ಟಿಲ ಮೇಲೆ ಜನ ಎಲಿಹಿಯೊನ ಬೆನ್ನು ತಟ್ಟಿ ಹೋದರು. ಹೆಂಡತಿಯನ್ನು ಗೆಲ್ಲಿಸಿಬಿಟ್ಟೆಯಲ್ಲೋ ಎಂದರು. ಅವನ ಮುಖದಲ್ಲಿ ಕಳೆಯೇ ಇರಲಿಲ್ಲ. ಕೊನೆಯಲ್ಲಿ ರೊಸೆಂದೊ ಬಂದ. ವಿದ್ಯಾರ್ಥಿಗಳು ಅವನನ್ನು ಕಂಡು ದಾರಿಬಿಟ್ಟು ಆಚೆ ಸರಿದರು. ನಾಳೆಯಿಂದ ತರಗತಿಯಲ್ಲಿ ಏನೇನು ಚುಚ್ಚುಮಾತು ಕೇಳಿಸಿಕೊಳ್ಳಬೇಕೋ, ಅವನಿಗೂ ಗೊತ್ತಿತ್ತು. ಆದರೂ ಎಲಿಹಿಯೊನ ಕೈ ಹಿಡಿದು ಕುಲುಕಿದ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದ.

"ಮುಂದಿನ ಸಲ ನಿಮ್ಮ ಮತ ಹೆಂಡ್ತಿಗೇ ಹಾಕಿ, ದೋನ್ ಎಲಿಹಿಯೊ. ನನಗೆ ಬೇಡ."