ಒಡೆಸಿದ ಗೋಡೆ

ಗೋಡೆಯನ್ನು ಮತ್ತೆ ಒಡೆಸಿದರು.

ಮೇಸ್ತ್ರಿ ಕರಣೆ ಕೆಳಗಿಟ್ಟು, ತಾವು ಜೋಡಿಸಿದ ಇಟ್ಟಿಗೆಗಳು ಉರುಳುವುದನ್ನು ನೋಡುತ್ತ ನಿಂತರು. ಗಾರೆ ಇನ್ನೂ ಹಸಿಯಾಗಿತ್ತು. ತರಬೇತಿ ಕೊಡುವ ಮೇಡಂ ಗೋಡೆಯ ನೇರ ನೋಡುವ ತೂಗುಗುಂಡಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು:

"ಇದೂ ಆಗಲ್ಲ ಮೇಸ್ತ್ರಿಗಳೇ."

"ಕೈ ಮಾತು ಕೇಳ್ತಿಲ್ಲ ಮೇಡಂ."

"ಇಷ್ಟು ವರ್ಷದ ಅನುಭವ ನಿಮಗೆ."

"ಅದೇ ಅಡ್ಡ ಬರ್ತಿದೆ."

ಮೇಡಂ ನಗಲಿಲ್ಲ. ನಗು ಅವರ ವಿಭಾಗಕ್ಕೆ ಸೇರಿದ್ದಲ್ಲ. "ನಾಳೆ ಮತ್ತೆ ನೋಡೋಣ. ಇಲ್ಲಿನ ವಿಷಯ ಮನೇಲೂ ಬಾಯಿ ಬಿಡಬೇಡಿ," ಎಂದು ಹೊರಟುಹೋದರು.

ಅದು ಮನೆ ಕಟ್ಟುವವರ ತಾಂತ್ರಿಕ ನೆರವು ಕೇಂದ್ರ. ಗುತ್ತಿಗೆದಾರರಿಗೆ ನಿಯಮ ಹೇಳಿಕೊಡುವುದು, ಕೆಲಸ ತಿದ್ದುವುದು, ಕೊನೆಗೆ ಪರೀಕ್ಷೆ ಮಾಡುವುದು ಅದರ ಹೊಣೆ. ಇಲ್ಲಿ ಪಾಸಾಗದವನು ಸ್ವಂತ ಹೆಸರಿನಲ್ಲಿ ಒಂದು ಕೋಳಿಗೂಡನ್ನೂ ಕಟ್ಟುವಂತಿರಲಿಲ್ಲ. ಕೇಂದ್ರದ ಹಿಂದಿನ ಶೆಡ್ಡಿನಲ್ಲಿ ಒಂದು ಗೋಡೆ ಎಬ್ಬಿಸಲು ಮೇಸ್ತ್ರಿಯನ್ನು ಹುಡುಕಿಕೊಂಡು ಬಂದು ಕರೆದೊಯ್ದಿದ್ದರು. ಅವರ ಗೋಡೆಯ ಪಕ್ಕ ಇಳಿಬಿಟ್ಟರೆ ತೂಗುಗುಂಡೇ ನಾಚಿಕೊಳ್ಳುತ್ತದೆ ಎಂದು ಜೊತೆಯ ಕೆಲಸಗಾರರು ಹೇಳುತ್ತಿದ್ದ ಕಾಲವಿತ್ತು.

ಗೋಡೆ ಒಡೆಯುವ ಸದ್ದು ರಸ್ತೆಗೆ ಕೇಳುತ್ತದೆ. ರಸ್ತೆಗೆ ಕೇಳಿದ್ದು ಊರಿಗೆಲ್ಲ ಕೇಳುತ್ತದೆ. ಸಿಮೆಂಟ್ ಅಂಗಡಿಯವನು ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂದ. ಕಬ್ಬಿಣದ ಅಂಗಡಿಯವನು ಕೈ ನಡುಕ ಎಂದ. ಸಂಜೆಯ ಹೊತ್ತಿಗೆ ಎರಡೂ ಇವೆ ಎಂದು ತೀರ್ಮಾನವಾಗಿತ್ತು.

ಮನೆಯಲ್ಲಿ ಮಗಳು ತಟ್ಟೆ ಹಾಕುತ್ತ ಮೆಲ್ಲಗೆ ಮಾತು ತೆಗೆದಳು. "ಅಪ್ಪ, ಒಂದ್ಸಲ ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡು ಬರೋಣ್ವಾ?"

"ಕಣ್ಣು ಚೆನ್ನಾಗೇ ಇದೆ ಕಣೇ. ಅದೇ ತಾಪತ್ರಯ."

ಮಗಳಿಗೆ ಅದು ಮುದುಕರ ಹಟವಾಗಿ ಕೇಳಿಸಿತು. ಎದುರಿಗೆ ಕೂತಿದ್ದ ಅಳಿಯ ತಲೆ ಎತ್ತಲಿಲ್ಲ. ಅವನು ಮಾವನ ಕೈಕೆಳಗೇ ಕೆಲಸ ಕಲಿತವನು. ಅವರು ಹಿಡಿದ ದಾರವನ್ನು ಎಂದೂ ದಾಟಿದವನಲ್ಲ. ಈಗ ಒಬ್ಬ ನರ್ಸಮ್ಮ ತನಗೂ ತನ್ನ ಮಕ್ಕಳಿಗೂ ಮನೆ ಕಟ್ಟಿಕೊಡು ಎಂದು ಅವನನ್ನು ಕೇಳಿದ್ದಳು. ಬಾಡಿಗೆ ಮನೆ ಖಾಲಿ ಮಾಡುವ ಹೊತ್ತು ಹತ್ತಿರ ಬಂದಿತ್ತು. ಅವನು ಕೇಂದ್ರದ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಅವಳು ಬೇರೆಯವರನ್ನು ಹುಡುಕಿಕೊಳ್ಳಬೇಕಿತ್ತು.

ಮರುದಿನ ಮೇಸ್ತ್ರಿ ಹಲ್ಲು ಕಚ್ಚಿಕೊಂಡು ಕಟ್ಟಿದರು. ಒಂದೊಂದು ಇಟ್ಟಿಗೆ ಇಡುವಾಗಲೂ ಯಾರೋ ಹಿಂದಿನಿಂದ ಮೊಣಕೈ ಜಗ್ಗಿದಂತಾಗುತ್ತಿತ್ತು. ಮೇಡಂ ಗುಂಡು ಇಳಿಬಿಟ್ಟು ನೋಡಿ, "ಈಗ ಆಯ್ತು ನೋಡಿ. ಮೇಲೆ ನುಣ್ಣಗೆ ಗಾರೆ ಬಳೀರಿ. ನೋಡೋಕೆ ಚೆನ್ನಾಗಿರ್ಬೇಕು," ಎಂದರು. ಮೇಸ್ತ್ರಿ ಬಳಿದರು. ಆಮೇಲೆ ಗೋಡೆಗೆ ಬೆನ್ನು ಹಾಕಿ ಬಹಳ ಹೊತ್ತು ಕೈ ತೊಳೆದುಕೊಂಡರು.

ಪರೀಕ್ಷೆಯ ಹಿಂದಿನ ಸಂಜೆ, ಒಳಕೋಣೆಯಲ್ಲಿ ಮಗಳು ಗಂಡನಿಗೆ ಹೇಳುವುದು ಮೇಸ್ತ್ರಿಯ ಕಿವಿಗೆ ಬಿತ್ತು.

"ರೀ, ನಾಳೆ ಅಪ್ಪನ ಗೋಡೆ ತೋರಿಸಿದ್ರೆ ಏನೂ ಅನ್ನಬೇಡಿ. ಅವರ ಮುಖಕ್ಕೆ ಹೊಡೆದ ಹಾಗಾಗತ್ತೆ."

ಮೇಸ್ತ್ರಿ ಎದ್ದು ಬಾಗಿಲವರೆಗೆ ಹೋದರು. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು ವಾಪಸು ಬಂದರು.

ಬೆಳಿಗ್ಗೆ ಶೆಡ್ಡಿನ ಮೂಲೆಯಲ್ಲಿ ಮೇಸ್ತ್ರಿಗೆ ಒಂದು ಕುರ್ಚಿ ಹಾಕಿದ್ದರು. ಗುತ್ತಿಗೆದಾರರು ಒಬ್ಬೊಬ್ಬರಾಗಿ ಒಳಗೆ ಬಂದರು. ಒಬ್ಬ ಗೋಡೆಯನ್ನು ಅಂಗೈಯಿಂದ ತಟ್ಟಿ, ಗಟ್ಟಿಯಿದೆ ಎಂದ. ಇನ್ನೊಬ್ಬ ದೂರದಿಂದಲೇ ಕಣ್ಣು ಕಿರಿದು ಮಾಡಿ, ಸರಿಯಿದೆ ಎಂದ. ಮೂರನೆಯವನು ಗುಂಡನ್ನು ಜೇಬಿನಿಂದ ತೆಗೆಯಲೂ ಇಲ್ಲ, "ಮೇಸ್ತ್ರಿಗಳ ಕೆಲಸ ಅಂದ್ಮೇಲೆ ನೋಡೋದೇನಿದೆ!" ಎಂದು ಕೈಮುಗಿದು ಹೊರಟ. ಮೇಸ್ತ್ರಿ ನೆಲ ನೋಡುತ್ತಿದ್ದರು. ಮೇಡಂ ಪ್ರತಿಯೊಬ್ಬರ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡರು.

ಕೊನೆಗೆ ಅಳಿಯ ಬಂದ.

ಗುಂಡು ಇಳಿಬಿಟ್ಟ. ದಾರ ಅಲುಗಾಡಿ ನಿಂತಿತು. ಅವನ ಮುಖ ಬಿಳಿಚಿಕೊಂಡಿತು. ಇನ್ನೊಂದು ಕಡೆ ಇಳಿಬಿಟ್ಟ, ಮತ್ತೆ ಮೊದಲಿನ ಕಡೆಗೇ ಬಂದ. ಮೇಸ್ತ್ರಿ ಕುರ್ಚಿಯ ತುದಿಗೆ ಸರಿದರು.

"ಮಾವ..."

"ಇಲ್ಲಿ ಯಾರೂ ಯಾರಿಗೂ ಮಾವ ಅಲ್ಲ," ಎಂದರು ಮೇಡಂ. "ಗೋಡೆ ಬಗ್ಗೆ ಹೇಳಿ."

ಅಳಿಯ ದಾರವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡ. "ವಾಲಿದೆ. ಇದರ ಮೇಲೆ ಭಾರ ಹೊರಿಸೋ ಹಾಗಿಲ್ಲ. ಒಡೆದು ಕಟ್ಟಬೇಕು."

"ಯಾರು ಕಟ್ಟಿದ್ದು ಗೊತ್ತಾ?"

"ಗೊತ್ತು. ನನಗೆ ಕರಣೆ ಹಿಡಿಯೋದು ಕಲಿಸಿದವರು."

"ಆದ್ರೂ?"

"ಮನೆ ಅಂದ್ಮೇಲೆ ಮಕ್ಕಳು ಇಂಥ ಗೋಡೆ ಪಕ್ಕದಲ್ಲೇ ಮಲಗ್ತಾರೆ ಮೇಡಂ." ಅವನು ಮೂಲೆಯತ್ತ ತಿರುಗಿ, "ಕ್ಷಮಿಸಿ ಮಾವ," ಎಂದ.

ಮೇಸ್ತ್ರಿ ಕುರ್ಚಿಯಿಂದ ಎದ್ದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಕ್ಷಮೆ ಯಾಕ್ರೀ? ಪಾಸಾಗಿರೋದು ನೀವೊಬ್ರೇ," ಎಂದರು ಮೇಡಂ, ಮೊದಲ ಬಾರಿಗೆ ನಗುತ್ತ. "ಪರೀಕ್ಷೆಗೆ ಒಂದು ಸೊಟ್ಟ ಗೋಡೆ ಕಟ್ಟಿಕೊಡಿ ಅಂದ್ರೆ, ಒಡೆಸಿ ಒಡೆಸಿ ನಮಗೇ ಸಾಕಾಯ್ತು; ಪ್ರತಿ ಸಲವೂ ನೆಟ್ಟಗೇ ಕಟ್ಟಿ ನಿಲ್ಲಿಸ್ತಿದ್ರು ಈ ಪುಣ್ಯಾತ್ಮ."